ಹಿತ್ತಿಲ ಗೋಡೆಯಲ್ಲಿ ಮಡಿವಾಳ ಹಕ್ಕಿಯ ಗೂಡು: ದುರಸ್ತಿ ಮಾಡಿಸಲೇ, ಕಾಯಲೇ?

ತೀರ್ಥಹಳ್ಳಿಯಿಂದ ಕೋರಿಕೆ: ನಮ್ಮ ಬಚ್ಚಲುಮನೆಯ ಹಿಂಗೋಡೆಯಲ್ಲಿ ಜಂಬಿಟ್ಟಿಗೆ ಕಳಚಿ ಆಗಿರುವ ಸಂದಿನಲ್ಲಿ ಕಳೆದ ವರ್ಷ ಮಡಿವಾಳ ಹಕ್ಕಿ ಮರಿ ಮಾಡಿತ್ತು. ಯುಗಾದಿ ಕಳೆಯುತ್ತಿದ್ದಂತೆ ಜೋಡಿ ಮರಳಿ ಬಂದು ಅದೇ ಸಂದಿಗೆ ಬೇರು, ಒಣಹುಲ್ಲು ಹೊರುತ್ತಿದೆ. ಮಳೆಗಾಲಕ್ಕೆ ಮುನ್ನ ಗೋಡೆ ಸರಿಯಾಗಲೇಬೇಕು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಾಗರದಿಂದ: ನಾನು ಮರದ ಗೂಡುಪೆಟ್ಟಿಗೆ ಮಾಡಿಸಿದೆ, ಇಂದಿಗೂ ಅದೇ ಸರಿಯೆಂದು ನಂಬಿದ್ದೇನೆ. ಹಲಸಿನ ಹಲಗೆ ಮನೆಯಲ್ಲೇ ಇತ್ತು, ಬಡಗಿಯ ಕೂಲಿ 900 ರೂಪಾಯಿ, ತಿರುಪು ಮತ್ತು ತಿರುಗಣಿಗೆ 140. ಬೇಡವೆಂದರೂ ಬಡಗಿ ಮುಚ್ಚಳಕ್ಕೆ ತಗಡು ಹೊಡೆದ. ಏಪ್ರಿಲ್ ಬಿಸಿಲಿಗೆ ಒಳಗೆಲ್ಲ ಕಾದು, ನಾಲ್ಕು ಮೊಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ. ತಗಡು ಕಿತ್ತು, ಇಳಿಜಾರಾಗಿ ಹಲಗೆ ಹಾಕಿಸಿ, ತಳಕ್ಕೆ ನೀರು ಬಸಿಯುವ ತೂತು ಕೊರೆಸಿ, ಪೆಟ್ಟಿಗೆಯನ್ನು ಪಡುವಣ ಬಿಸಿಲು ತಾಗದ ಕಡೆಗೆ ಸರಿಸಲು ಮತ್ತೆ 450 ತೆತ್ತೆ. ಮುಂದಿನ ಬೇಸಿಗೆಯಲ್ಲಿ ಮರಿಗಳು ಹಾರಿದವು. ಬಾಯಿಯ ಕೆಳಗೆ ಕೂರುವ ಕಡ್ಡಿ ಮಾತ್ರ ಇಡಬೇಡಿ. ಅದು ಹಕ್ಕಿಗೆ ಬೇಕಿಲ್ಲ, ಮೊಟ್ಟೆ ಕದಿಯಲು ಬರುವ ಕಾಗೆಗೆ ಅನುಕೂಲ.

ಹೊಸನಗರದಿಂದ: ಹಕ್ಕಿ ತಾನೇ ಆರಿಸಿಕೊಂಡ ಜಾಗವನ್ನು ಬಿಟ್ಟು ಪೆಟ್ಟಿಗೆ ತೋರಿಸುವುದು ನಮ್ಮ ಹಮ್ಮು. ನಮ್ಮ ಕೊಟ್ಟಿಗೆಯ ಸೂರಿನಡಿ ಇದೇ ಹಕ್ಕಿ ಗೂಡು ಕಟ್ಟಿದಾಗ ಕೆಲಸವನ್ನೇ ನಿಲ್ಲಿಸಿದೆ. 3,000 ಮುಂಗಡ ಪಡೆದಿದ್ದ ಮೇಸ್ತ್ರಿ ಬೇರೆಡೆ ಕೆಲಸ ಹಿಡಿದ, ಹಣ ಹಿಂದಿರುಗಿಸಲಿಲ್ಲ. ತಂದಿಟ್ಟ ಆರು ಚೀಲ ಸಿಮೆಂಟು ಜೂನ್ ತಿಂಗಳ ತೇವಕ್ಕೆ ಕಲ್ಲಾಯಿತು. ಚೀಲಕ್ಕೆ 400ರಂತೆ 2,400 ಮಣ್ಣುಪಾಲು. ಮೊದಲ ಮರಿಗಳು ಹಾರಿದ ಮೇಲೆ ಹೆಣ್ಣು ಅಲ್ಲೇ ಎರಡನೆಯ ಬಾರಿ ಮೊಟ್ಟೆಯಿಟ್ಟದ್ದರಿಂದ ಆ ಮಳೆಗಾಲವನ್ನೆಲ್ಲ ಸೋರುವ ಕೊಟ್ಟಿಗೆಯಲ್ಲೇ ಕಳೆದೆವು. ಆದರೂ ಸಂತೋಷವಿದೆ. ಹುಳು ಕಚ್ಚಿ ಬಂದ ಗಂಡು ನೇರವಾಗಿ ಗೂಡಿಗೆ ಹೋಗದೆ, ಗೊಂತಿನ ಮೇಲೆ ಕುಳಿತು ಬಾಲವನ್ನು ಎತ್ತಿ ಇಳಿಸಿ, ಸುತ್ತ ನೋಡಿ, ಆಮೇಲೆ ಒಳಹೊಕ್ಕುದನ್ನು ಎಮ್ಮೆ ಕರೆಯುತ್ತ ನೋಡಿದವಳು ನಾನು.

ಶಿವಮೊಗ್ಗದಿಂದ: ‘ಮರಳಿ ಬಂದಿದೆ’ ಎಂಬುದನ್ನೇ ಮೊದಲು ತಿದ್ದಿಕೊಳ್ಳಬೇಕು. ಮಡಿವಾಳ ಹಕ್ಕಿ ವಲಸೆ ಹೋಗುವುದಿಲ್ಲ. ವರ್ಷವಿಡೀ ನಮ್ಮ ತೋಟ, ಹಿತ್ತಿಲುಗಳಲ್ಲೇ ಇರುತ್ತದೆ. ಚಳಿಗಾಲದಲ್ಲಿ ಹಾಡದೆ ಪೊದೆಗಳ ನಡುವೆ ಅಡ್ಡಾಡುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಮಾರ್ಚ್‌ನಲ್ಲಿ ಗಂಡು ಮರದ ತುದಿಯೇರಿ ಹಾಡತೊಡಗಿದಾಗ ಹೊಸದಾಗಿ ಬಂದಂತೆ ತೋರುತ್ತದೆ. ಕಾಲಿಗೆ ಉಂಗುರ ಹಾಕದೆ ಕಳೆದ ವರ್ಷದ್ದೇ ಜೋಡಿ ಎನ್ನಲೂ ಆಗದು. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುವ ನವರಂಗವೇ ಬೇರೆ, ಇದೇ ಬೇರೆ.

ಹೊಸನಗರದಿಂದ: ಶಿವಮೊಗ್ಗದವರೇ, ಅವರು ಕೇಳಿದ್ದು ಗೋಡೆಯ ವಿಷಯ. ಹಗಲಿರುಳು ಹಕ್ಕಿಯ ಜೊತೆಗೇ ಬದುಕುವ ನಮಗೆ ಉಂಗುರದ ಪಾಠ ಬೇಕಿಲ್ಲ.

ಕೊಪ್ಪದಿಂದ: ಪೆಟ್ಟಿಗೆಯೋ ಗೋಡೆಯೋ ಎಂದು ಜಗಳವಾಡುತ್ತಿದ್ದೀರಿ; ಕೇರೆ ಹಾವಿನ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮಲ್ಲಿ ರೆಕ್ಕೆ ಬಲಿಯುತ್ತಿದ್ದ ಮರಿಗಳನ್ನು ಕೇರೆ ನುಂಗಿತು. ಮರುವರ್ಷ ಗೂಡಿನ ಕಂಬಕ್ಕೆ ನುಣುಪಾದ ತಗಡನ್ನು ಕೊಳವೆಯಂತೆ ಸುತ್ತಿಸಲು 680 ರೂಪಾಯಿ ಆಯಿತು. ಹಾವು ಹತ್ತಲಿಲ್ಲ; ಪಕ್ಕದ ಮನೆಯ ಬೆಕ್ಕು ಮಾಡಿನ ಮೇಲಿಂದ ಇಳಿದು ಹೆಣ್ಣನ್ನೇ ಹಿಡಿಯಿತು.

ಸಾಗರದಿಂದ: ಕೇರೆಯನ್ನು ಕಂಡಲ್ಲಿ ಹೊಡೆದಿದ್ದರೆ ಇಷ್ಟು ಖರ್ಚೇ ಇರುತ್ತಿರಲಿಲ್ಲ.

ಕೊಪ್ಪದಿಂದ: ಇದನ್ನು ನಾನು ಒಪ್ಪುವುದಿಲ್ಲ. ಅಡಿಕೆ ತೋಟದಲ್ಲಿ ಇಲಿ ಹಿಡಿಯುವುದು ಅದೇ ಕೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೇರೆಗೂ ರಕ್ಷಣೆ ಕೊಟ್ಟಿದೆ. ಹಕ್ಕಿಯ ಮೊಟ್ಟೆ, ಗೂಡು ಕೆಡಿಸುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಹಕ್ಕಿಯ ಹೆಸರಿನಲ್ಲಿ ಹಾವು ಕೊಲ್ಲುವವರ ಸಲಹೆಯನ್ನು ತೀರ್ಥಹಳ್ಳಿಯವರು ಕೇಳದಿರಲಿ.

ಸಾಗರದಿಂದ: ಬೆಕ್ಕಿನ ಯಜಮಾನರಿಗೆ ಇದೇ ಕಾಯ್ದೆಯನ್ನು ಓದಿ ಹೇಳಿದಿರಾ?

ಶಿವಮೊಗ್ಗದಿಂದ: ಮೊಟ್ಟೆಯಿಟ್ಟಲ್ಲಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು. ಮೇ ನಡುವಿನೊಳಗೆ ಮೊದಲ ಮರಿಗಳು ಹೊರಟರೆ, ಎರಡನೆಯ ಬಾರಿ ಮೊಟ್ಟೆಯಿಡುವ ಮೊದಲೇ ಸಂದು ಮುಚ್ಚಿಸಿ. ಪೆಟ್ಟಿಗೆಯನ್ನು ಈಗಲೇ ತುಸು ದೂರದಲ್ಲಿ ತೂಗುಹಾಕಿಡಿ.

ಹೊಸನಗರದಿಂದ: ಮೇ ತಿಂಗಳಲ್ಲಿ ಯಾವ ಮೇಸ್ತ್ರಿ ಸಿಗುತ್ತಾನೆಂದು ಅದನ್ನೂ ನೀವೇ ಹೇಳಿಬಿಡಿ.