ಅಬರ್ಲೆಮ್ನೊ ಕಲ್ಲಿನ ಮೇಲಿರೋ ಹಾವು, ಕನ್ನಡಿ, ಬಾಚಣಿಗೆ: ಇದು ಲಿಪಿನಾ?

ಹಳೇಕಲ್ಲು: ಸ್ಕಾಟ್ಲೆಂಡಿನ ಆಂಗಸ್ ಸೀಮೇಲಿ ಅಬರ್ಲೆಮ್ನೊ ಅಂತ ಹಳ್ಳಿ, ಅಲ್ಲಿ ರಸ್ತೆ ಪಕ್ಕದಲ್ಲೇ ಪಿಕ್ಟ್ ಜನ (ಹಿಂದೆ ಸ್ಕಾಟ್ಲೆಂಡಿನ ಉತ್ತರ, ಪೂರ್ವ ಭಾಗದಲ್ಲಿದ್ದ ಜನಾಂಗ) ಕೆತ್ತಿದ ಕಲ್ಲಿದೆ, ಫೋಟೋ ನೋಡಿದಾಗಿಂದ ಅದೇ ಗುಂಗು. ಮೇಲೆ ಹಾವು, ಅದರ ಕೆಳಗೆ ಜೋಡಿ ಚಕ್ರ, ಅದರ ಮೇಲೆ ಹಾದುಹೋಗೋ ಝಡ್ ಆಕಾರದ ಕೋಲು, ಬುಡದಲ್ಲಿ ಕನ್ನಡಿ ಬಾಚಣಿಗೆ. ಇದನ್ನ ಓದೋಕಾಗುತ್ತಾ? ಕನ್ನಡಿ ಬಾಚಣಿಗೆ ಇದ್ರೆ ಹೆಣ್ಣಿನ ಹೆಸರಲ್ಲಿ ನಿಲ್ಲಿಸಿದ್ದು ಅಂತಾರಲ್ಲ, ನಿಜಾನಾ?

ಶಿಲಾಸಕ್ತ: ಇನ್ನೂ ಯಾರಿಗೂ ಓದೋಕಾಗಿಲ್ಲ. ಆದ್ರೆ ಸುಮ್ನೆ ಅಲಂಕಾರಕ್ಕೆ ಕೆತ್ತಿದ್ದಂತೂ ಅಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ, ಯಾಕಂದ್ರೆ ದಕ್ಷಿಣದ ಫೈಫ್‌ನಿಂದ ಹಿಡಿದು ಉತ್ತರದ ಆರ್ಕ್ನಿ ದ್ವೀಪಗಳವರೆಗೂ ಅವೇ ಚಿಹ್ನೆಗಳು ಅದೇ ರೂಪದಲ್ಲಿ ಮತ್ತೆ ಮತ್ತೆ ಬರ್ತವೆ, ಅದೂ ಹೆಚ್ಚಾಗಿ ಜೋಡಿಯಾಗಿ. ಅದಕ್ಕೇ ಇವು ವ್ಯಕ್ತಿಗಳ ಹೆಸರಿರಬೇಕು ಅಂತ ಅನೇಕ ವಿದ್ವಾಂಸರ ವಾದ. ಕನ್ನಡಿ ಬಾಚಣಿಗೆ ಸಾಮಾನ್ಯವಾಗಿ ಆ ಜೋಡಿಯ ಕೆಳಗೆ ಸೇರಿಕೊಳ್ಳುತ್ತೆ. ಹಿಲ್ಟನ್ ಆಫ್ ಕ್ಯಾಡ್ಬಾಲ್ ಅನ್ನೋ ಇನ್ನೊಂದು ಪಿಕ್ಟ್ ಕಲ್ಲಲ್ಲಿ ಕುದುರೆ ಮೇಲೆ ಕೂತ ಹೆಂಗಸಿನ ಪಕ್ಕದಲ್ಲೇ ಕನ್ನಡಿ ಬಾಚಣಿಗೆ ಇದೆ, ಹಾಗಾಗಿ ಹೆಣ್ಣಿನ ಗುರುತು ಅನ್ನೋ ಮಾತಿಗೆ ಒಂದು ಆಧಾರ ಇದೆ, ಆದ್ರೆ ಎಲ್ಲಾ ಕಲ್ಲಿಗೂ ಅದನ್ನೇ ಹೇಳೋಕಾಗಲ್ಲ. ಅಂದಹಾಗೆ 1676ರಲ್ಲಿ ಆ ಹಿಲ್ಟನ್ ಕಲ್ಲಿನ ಶಿಲುಬೆ ಇದ್ದ ಮುಖವನ್ನೇ ಕೆತ್ತಿ ತೆಗೆದು ಯಾರದೋ ಸಮಾಧಿ ಬರಹ ಹಾಕಿಬಿಟ್ರು, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ದಾರಿಹೋಕ: ನೀವು ಹೇಳ್ತಿರೋ ಹಾವಿನ ಕಲ್ಲಿನ ಹಿಂಬದಿ ನೋಡಿ, ಬುಡದ ಹತ್ರ ಬಟ್ಟಲಿನಂಥ ಗುಳಿಗಳಿವೆ. ಅವು ಪಿಕ್ಟರಿಗಿಂತ ಬಹಳ ಹಿಂದಿನವು, ಅಂದ್ರೆ ಇತಿಹಾಸಪೂರ್ವ ಕಾಲದ ಕಲ್ಲನ್ನೇ ಇವರು ಮತ್ತೆ ಬಳಸಿಕೊಂಡಿದ್ದಾರೆ.

ಅದೇ ಊರಿನ ಚರ್ಚ್ ಅಂಗಳದ ಕಲ್ಲನ್ನೂ ಬಿಡಬೇಡಿ. ಮುಂದೆ ಶಿಲುಬೆ, ಹಿಂದೆ ಯುದ್ಧ: ಶಿರಸ್ತ್ರಾಣ ಹಾಕಿದ ಸವಾರರು, ಈಟಿ ಹಿಡಿದು ಸಾಲಾಗಿ ನಿಂತ ಕಾಲಾಳುಗಳು, ಮೂಲೇಲಿ ಬಿದ್ದವನನ್ನ ಕುಕ್ಕೋ ಹಕ್ಕಿ.

ಹಳೇಕಲ್ಲು: ಅದು 685ರ ಯುದ್ಧ ತಾನೆ? ಪಿಕ್ಟ್ ದೊರೆ ಬ್ರಿಡೈ, ದಕ್ಷಿಣದ ನಾರ್ತಂಬ್ರಿಯಾ ರಾಜ್ಯದ ದೊರೆ ಎಕ್‌ಫ್ರಿತ್‌ನನ್ನ ಸೋಲಿಸಿ ಕೊಂದಿದ್ದು?

ಶಿಲಾಸಕ್ತ: ಹಾಗೆ ಹೇಳೋರು ಬಹಳ ಜನ, ಆ ಯುದ್ಧ ನಡೆದ ಜಾಗ ಅಂತ ಹೇಳೋ ಡನಿಕನ್ ಅಲ್ಲಿಂದ ಹತ್ರಾನೇ ಇರೋದ್ರಿಂದ. ಆದ್ರೆ ಕಲ್ಲಿನ ಮೇಲೆ ಯಾರ ಹೆಸರೂ ಇಲ್ಲ, ಕೆತ್ತನೆ ಶೈಲಿ ನೋಡಿದ್ರೆ ಯುದ್ಧಕ್ಕಿಂತ ಈಚಿನದು, ಯುದ್ಧ ನಡೆದದ್ದೇ ಉತ್ತರದ ಬೇಡನಕ್ ಕಡೆ ಅನ್ನೋ ವಾದಾನೂ ಇದೆ. ನಾನಂತೂ ಖಚಿತ ಅಂತ ಹೇಳಲ್ಲ.

ದಾರಿಹೋಕ: ಹೋಗೋದಾದ್ರೆ ಬೇಸಿಗೇಲಿ ಹೋಗಿ. ಚಳಿಗಾಲದಲ್ಲಿ ಹಿಮದಿಂದ ಕಲ್ಲು ಸವೆಯಬಾರದು ಅಂತ ಮರದ ಪೆಟ್ಟಿಗೆ ಮುಚ್ಚಿರ್ತಾರೆ, ಏನೂ ಕಾಣಲ್ಲ. ಆಗ ಹೋಗಲೇಬೇಕಾದ್ರೆ ಎಡಿನ್‌ಬರೋದ ನ್ಯಾಷನಲ್ ಮ್ಯೂಸಿಯಂ ಇದೆ, ಹಿಲ್ಟನ್ ಕಲ್ಲು ಅಲ್ಲೇ ಇರೋದು.