ಸಮಸ್ಯೆ: ‘ಕೊಂದವನೇ ಸತ್ತ ಸತ್ತವಂ ನಿದ್ರಿಸಿದಂ’

ಹಳೆಗಂಟು: ಇದು ಕೊನೆಯ ಸಾಲು; ಮೊದಲ ಮೂರು ಸಾಲು ಕಟ್ಟಿ ಪೂರಣ ಮಾಡಿ. ವಸ್ತು ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ, ಅತಿಥಿಯಾಗಿ ಬಂದ ದೊರೆ ಡಂಕನ್‌ನನ್ನು ಕೊಂದು ಪಟ್ಟವೇರಿದವನ ಕಥೆ. ಕಂದದಲ್ಲೇ, ಅಂದರೆ ಹಳಗನ್ನಡದ ಆ ನಾಲ್ಕು ಸಾಲಿನ ಛಂದಸ್ಸಿನಲ್ಲೇ ಇರಲಿ. ಹೋದ ಸಲದ ಹಾಗೆ ಪ್ರಾಸ ಬಿಟ್ಟು ‘ಪ್ರಯೋಗ’ ಅನ್ನಬೇಡಿ. ಯಾರಿಗೆ ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತು.

ಲಘುರಾಯ: ಗೊತ್ತಾಯ್ತು ಸ್ವಾಮಿ. ತಗೊಳ್ಳಿ.

ಹಂದೆಯೆ ನೀನೆನೆ ಮಡದಿಯೆ
ಸಂದೇಹಂ ಗಂಡುತನಕೆ ಕವಿಯಲ್ ಕುರುಡಂ
ಬಂದತಿಥಿಯನಿರಿದಂ ತಾಂ
ಕೊಂದವನೇ ಸತ್ತ ಸತ್ತವಂ ನಿದ್ರಿಸಿದಂ

ಹಳೆಗಂಟು: ಓಟ ಚೆನ್ನಾಗಿದೆ. ಆದರೆ ‘ಇರಿದಂ’, ‘ಕವಿಯಲ್’ ಅಂತ ಹಳಗನ್ನಡದಲ್ಲಿ ಬರೆದವರಿಗೆ ‘ಹಂದೆ’ (ಹೇಡಿ) ಬದಲು ‘ಪಂದೆ’ ಅನ್ನೋಕೆ ಏನು ಕಷ್ಟ?

ಲಘುರಾಯ: ನೀವೇ ‘ಸತ್ತ’ ಅಂತ ಬೋಳಾಗಿ ಬಿಟ್ಟು, ಪಕ್ಕದಲ್ಲೇ ‘ಸತ್ತವಂ’ ಅಂತ ಸೊನ್ನೆ ಇಟ್ಟಿದ್ದೀರಿ. ನಿಮಗೊಂದು ವ್ಯಾಕರಣ, ನಮಗೊಂದಾ?

ಹಳೆಗಂಟು: ಅಲ್ಲಿ ಸೊನ್ನೆ ಇಟ್ಟು ಓದಿ ನೋಡಿ, ಏನಾಗುತ್ತೆ ಅಂತ.

ಲಘುರಾಯ: ಅಂದರೆ ಗಣಕ್ಕಾಗಿ, ಮಾತ್ರೆಯ ಲೆಕ್ಕ ಕೂಡಿಸಲು, ನೀವು ಹಳಗನ್ನಡ ಬಿಟ್ಟು ಆಮೇಲಿನ ನಡುಗನ್ನಡಕ್ಕೆ ಇಳಿಯಬಹುದು. ನಾನು ಇಳಿದರೆ ಜಾರಿ ಬಿದ್ದ ಹಾಗೆ!

ಮೊಲ್ಲೆ: ಪ, ಹ ಎರಡೂ ಇರಲಿ ಬಿಡಿ. ತಪ್ಪನ್ನೆಲ್ಲ ಮಡದಿಯ ತಲೆಗೆ ಕಟ್ಟಿದ್ದೀರಲ್ಲ ರಾಯರೇ? ಮಾಟಗಾತಿಯರು ‘ರಾಜನಾಗುವೆ’ ಅಂದ ಕೂಡಲೇ ಬೆಚ್ಚಿದವನು ಅವನು. ಹೆಂಡತಿ ಆಮೇಲೆ ಬಂದಳು. ಗೆಳೆಯ ಬ್ಯಾಂಕೋನನ್ನು ಮುಗಿಸಲು ಆಳು ಕರೆಸಿದಾಗ ಅವರ ಮುಂದೆ ಆಡಿದ್ದೂ ಅದೇ ಮಾತು: ನೀವು ಗಂಡಸರೇನೋ? ತನಗೆ ಚುಚ್ಚಿದ ಮುಳ್ಳನ್ನೇ ಇನ್ನೊಬ್ಬರಿಗೆ ಚುಚ್ಚಿದ. ನನ್ನದು:

ತಂದಿತು ಮಕುಟಂ ಚಿಂತೆಯ-
ನೊಂದೊಂದಿರುಳೊಳಗೆ ನಿದ್ದೆ ದೂರಂ ಸಾರಲ್
ಮುಂದಡಿಯಿಡಲುಂ ನೆತ್ತರ್
ಕೊಂದವನೇ ಸತ್ತ ಸತ್ತವಂ ನಿದ್ರಿಸಿದಂ

ಹಳೆಗಂಟು: ಸೊಗಸು.

ಲಘುರಾಯ: ‘ಸೊಗಸು’ ಅಷ್ಟೇನಾ? ಅಕ್ಕನ ‘ನಿದ್ದೆ’ ಯಾವ ಕಾಲದ ಕನ್ನಡ ಅಂತ ಕೇಳಲ್ವಾ?

ಷಟ್ಪದಿಪ್ರಿಯ: ತಡವಾಯ್ತು. ಕಂದ ನನ್ನ ಕ್ಷೇತ್ರವಲ್ಲ, ಆದರೂ.

ಸಂದಣಿಯೌತಣದೊಳ್ ಪೆಣ
ಬಂದಾಸನದಲ್ಲಿ ಕುಳಿತು ದಿಟ್ಟಿಸೆ ಬೆದರಲ್
ಹಿಂದಣ ನೆತ್ತರ್ ಕೈಯೊಳ್
ಕೊಂದವನೇ ಸತ್ತ ಸತ್ತವಂ ನಿದ್ರಿಸಿದಂ

ಲಘುರಾಯ: ಸತ್ತವನು ಔತಣಕ್ಕೆ ಬಂದು ಕುರ್ಚಿ ಹಿಡಿದಿದ್ದಾನೆ. ಹಾಗಾದರೆ ನಿದ್ರಿಸಿದವನು ಯಾರು? ಊಟ ಜಾಸ್ತಿಯಾಗಿ ಅಲ್ಲೇ ತೂಕಡಿಸಿದನಾ?

ಷಟ್ಪದಿಪ್ರಿಯ: ಬಂದವನು ಬ್ಯಾಂಕೋ. ನಿದ್ರಿಸಿದವನು ಡಂಕನ್. ನಾಟಕ ಓದಿದವರಿಗೆ ತಿಳಿಯುತ್ತೆ.

ಲಘುರಾಯ: ನಾಟಕದಲ್ಲಿ ಇಬ್ಬರಿದ್ದಾರೆ, ಒಪ್ಪಿದೆ. ಪದ್ಯದಲ್ಲಿ ಒಬ್ಬನೇ ಹೆಣ. ಮತ್ತೆ ‘ಪೆಣ’ದ ಕೆಳಗೇ ‘ಹಿಂದಣ’. ಹಳೆಗಂಟು ಅವರೇ, ಈಗ ಯಾಕೆ ಮೌನ?

ಹಳೆಗಂಟು: ನೋಡಿದೆ. ‘ಪಿಂದಣ’ ಮಾಡಿಕೊಳ್ಳಲಿ.

ಷಟ್ಪದಿಪ್ರಿಯ: ಮಾಡುವುದಿಲ್ಲ. ಅಸಲಿಗೆ ಸ್ಕಾಟ್ಲೆಂಡಿನ ಇತಿಹಾಸ ನೋಡಿದರೆ ಸಮಸ್ಯೆಯೇ ನಿಲ್ಲಲ್ಲ. ಡಂಕನ್ ಸತ್ತದ್ದು 1040ರಲ್ಲಿ, ಯುದ್ಧದಲ್ಲಿ. ಆತ ಮುದುಕನೂ ಅಲ್ಲ. ಮ್ಯಾಕ್‌ಬೆತ್ ಆಮೇಲೆ 1057ರವರೆಗೆ ಆಳಿದ. ಅತಿಥಿಯನ್ನು ಕೋಣೆಯಲ್ಲಿ ಕೊಂದ ಕಥೆ ಡಫ್ ಎಂಬ ಹಳೆಯ ದೊರೆಯದು. ಡಾನ್‌ವಾಲ್ಡ್ ಎಂಬವನು ಹೆಂಡತಿಯ ಮಾತು ಕೇಳಿ ಕೊಲ್ಲಿಸಿದ ಅಂತ ಚರಿತ್ರೆಕಾರ ಹಾಲಿನ್‌ಶೆಡ್ ಬರೆದಿದ್ದಾನೆ. ನಾಟಕಕಾರ ಅದನ್ನು ಇಲ್ಲಿಗೆ ತಂದು ಜೋಡಿಸಿದ.

ಮೊಲ್ಲೆ: ಹದಿನೇಳು ವರ್ಷ ಆಳಿದವನಿಗೆ ನಿದ್ದೆ ಬಂದಿರಲೇಬೇಕು, ಅಲ್ವಾ!

ಹಳೆಗಂಟು: ಇತಿಹಾಸ ಬೇಕಾದವರು ಬೇರೆ ಕಡೆ ಹೋಗಬಹುದು. ಇಲ್ಲಿ ಪೂರಣ ಕೇಳಿದ್ದು.

ಲಘುರಾಯ: ಪೂರಣ ಕೊಟ್ಟೆನಲ್ಲ. ಪಂದೆಯೋ ಹಂದೆಯೋ, ತೀರ್ಪು ಇನ್ನೂ ಬಂದಿಲ್ಲ.