ಸ್ಕ್ರೀನ್ ರೀಡರ್ ಪ್ರಶ್ನೋತ್ತರ: ದಯವಿಟ್ಟು ಫೋಟೋ ಹಾಕಬೇಡಿ

ಅಡ್ಮಿನ್: ಲ್ಯಾಪ್‌ಟಾಪ್‌ನಲ್ಲೇ ಇರುವ ಸ್ಕ್ರೀನ್ ರೀಡರ್, ಅಂದ್ರೆ ಪರದೆ ಮೇಲಿರೋದನ್ನ ಓದಿ ಹೇಳೋ ತಂತ್ರಾಂಶದ ಬಗ್ಗೆ ಇವತ್ತು ಮೇಡಂ ಉತ್ತರಿಸ್ತಾರೆ. ದೃಷ್ಟಿ ಇಲ್ಲದವರಿಗೆ ಕಂಪ್ಯೂಟರ್ ಕಲಿಸೋದು ಅವರ ಕೆಲಸ. ಅವರೂ ಕಿವಿಯಲ್ಲೇ ಓದೋರು. ಹಾಗಾಗಿ ಪ್ರಶ್ನೆ ಟೈಪ್ ಮಾಡಿ, ಫೋಟೋ ಬೇಡ.

ಗಡಿಬಿಡಿ: ಮಗು ಏನೋ ಒತ್ತಿದೆ, ಲ್ಯಾಪ್‌ಟಾಪ್ ಒಂದೇ ಸಮನೆ ಮಾತಾಡ್ತಿದೆ. ನಿಲ್ಲಿಸೋದು ಹೇಗೆ?

ಮೇಡಂ: ಅದು ವಿಂಡೋಸ್‌ನ ನರೇಟರ್. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಮೂರೂ ಒಟ್ಟಿಗೆ ಒತ್ತಿ, ನಿಲ್ಲುತ್ತೆ. ಮತ್ತೆ ಬೇಕಾದಾಗಲೂ ಅವೇ ಮೂರು. ಓದ್ತಿರೋ ಮಾತನ್ನಷ್ಟೇ ತಡೆಯೋಕೆ ಕಂಟ್ರೋಲ್ ಒಂದೇ ಸಾಕು.

ದೊಡ್ಡಕ್ಕನ ತಮ್ಮ: ಅಕ್ಕನಿಗೆ ಕಲಿಸ್ತಿದ್ದೀನಿ. ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತೆ ಅಂತ ಓದಿದ್ದೆ. ಅವಳು ಒತ್ತಿದ್ದಕ್ಕೆ ಅರ್ಜಿ ತುಂಬಾ ಎಚ್ ಎಚ್ ಎಚ್ ಅಂತ ಬಿದ್ದಿದೆ!

ಮೇಡಂ: ಸ್ಕ್ಯಾನ್ ಮೋಡ್, ಅಂದ್ರೆ ಕೀಗಳು ಬರೆಯೋ ಬದಲು ಪುಟದಲ್ಲಿ ಓಡಾಡಿಸೋ ವ್ಯವಸ್ಥೆ, ಆಫ್ ಇತ್ತು. ಕ್ಯಾಪ್ಸ್ ಲಾಕ್ ಹಿಡಿದು ಸ್ಪೇಸ್ ಒತ್ತಿದರೆ ಆನ್ ಆಗುತ್ತೆ. ಆಗ ಎಚ್ ಶೀರ್ಷಿಕೆಗೆ, ಕೆ ಲಿಂಕ್‌ಗೆ, ಬಿ ಬಟನ್‌ಗೆ. ಬರೆಯೋವಾಗ ಆಫ್ ಮಾಡ್ಕೊಳ್ಳಲಿ. ಕ್ಯಾಪ್ಸ್ ಲಾಕ್ ಹಿಡಿದು 1 ಒತ್ತಿದರೆ ಕೀಲಿ ಕಲಿಯುವ ಮೋಡ್ ಬರುತ್ತೆ. ಆಮೇಲೆ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತೆ, ಏನೂ ಕೆಡಲ್ಲ. ಮೊದಲ ವಾರ ಅದರಲ್ಲೇ ಆಡಿಕೊಂಡಿರಲಿ. ನೀವು ಮೌಸ್ ಮುಟ್ಟಬೇಡಿ.

ಮೇಷ್ಟ್ರ ಮಗಳು: ಮೇಡಂ, ನಮ್ಮಪ್ಪ ನಿವೃತ್ತ ಮೇಷ್ಟ್ರು. ಗ್ಲಾಕೋಮಾದಿಂದ ದೃಷ್ಟಿ ಪೂರ್ತಿ ಹೋಗಿದೆ. ಹದಿನೈದು ವರ್ಷ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನೆನಪುಗಳ ಫೈಲ್‌ಗಳಿವೆ, ನರೇಟರ್‌ನಲ್ಲಿ ಕೇಳಬೇಕು ಅಂತ ಅವರ ಆಸೆ. ಆದರೆ ಅದು "ಪಿ, ಎ, ಪೌಂಡ್" ಅಂತ ಬಡಬಡಿಸುತ್ತೆ. ಎಲ್ಲಾ ಸೆಲೆಕ್ಟ್ ಮಾಡಿ ಫಾಂಟ್ ತುಂಗಾ ಮಾಡಿ ಸೇವ್ ಮಾಡಿದರೆ ಸರಿಹೋಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿತ್ತು. ಒಂದು ಫೈಲಿಗೆ ಹಾಗೇ ಮಾಡಿಬಿಟ್ಟೆ. ಈಗ ನನ್ನ ಕಣ್ಣಿಗೂ ಬರೀ ಇಂಗ್ಲಿಷ್ ಚಿಹ್ನೆ ಕಾಣ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮೇಡಂ: ಗಾಬರಿ ಬೇಡ, ಏನೂ ಹೋಗಿಲ್ಲ. ಅದೇ ಫೈಲ್ ತೆರೆದು ಎಲ್ಲಾ ಸೆಲೆಕ್ಟ್ ಮಾಡಿ, ಫಾಂಟ್ ಮತ್ತೆ ನುಡಿ 01 ಇ ಮಾಡಿ. ಅವರು ಬಳಸ್ತಿದ್ದ ಫಾಂಟ್ ಬೇರೆ ಆಗಿದ್ದರೆ ಅದನ್ನೇ ಕೊಡಿ. ಕನ್ನಡ ವಾಪಸ್ ಬರುತ್ತೆ. ಅಲ್ಲಿವರೆಗೆ ಅದರಲ್ಲಿ ಒಂದಕ್ಷರವನ್ನೂ ತಿದ್ದಬೇಡಿ.

ವಿಷಯ ಏನಂದ್ರೆ, ಆ ಕಾಲದ ನುಡಿ ಫೈಲಿನಲ್ಲಿ ಕನ್ನಡ ಇರೋದೇ ಇಲ್ಲ. "ಕನ್ನಡ" ಅನ್ನೋ ಪದ ಅಲ್ಲಿ ದೊಡ್ಡ ಪಿ, ತಲೆಮೇಲೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಒಂದು ಅಕ್ಷರ, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಆ ಪಿ ಮೇಲೆ ಕಕಾರದ ಚಿತ್ರ ಅಂಟಿಸೋದಷ್ಟೇ ಫಾಂಟಿನ ಕೆಲಸ. ಕಣ್ಣಿಗೆ ಕನ್ನಡ. ಸ್ಕ್ರೀನ್ ರೀಡರ್ ಚಿತ್ರ ನೋಡಲ್ಲ, ಕೆಳಗಿರೋ ಸಂಕೇತ ಓದುತ್ತೆ. ನಿಮ್ಮ ನರೇಟರ್ ನಿಜಾನೇ ಹೇಳ್ತಿದೆ.

ಮೊದಲು ಇಡೀ ಫೋಲ್ಡರ್‌ನ ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿ ಎತ್ತಿಡಿ. ಆಮೇಲೆ ಯೂನಿಕೋಡ್‌ಗೆ, ಅಂದ್ರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರೋ ಪದ್ಧತಿಗೆ ಪರಿವರ್ತಿಸಿ. ನುಡಿ, ಬರಹ ಎರಡೂ ತಂತ್ರಾಂಶಗಳಲ್ಲಿ ಆ ಸೌಲಭ್ಯ ಇದೆ. ಒಂದೇ ಫೈಲ್ ಮಾಡಿ ನೋಡಿ, ಗಂಟುಗಟ್ಟಲೆ ಒಟ್ಟಿಗೆ ಬೇಡ. ಅರ್ಕಾವತ್ತು ಬರೋ ಪದಗಳಲ್ಲಿ ತಪ್ಪು ಉಳಿಯಬಹುದು, ಜೋರಾಗಿ ಓದಿ ಹೋಲಿಸಿ.

ಅಷ್ಟಕ್ಕೇ ಮುಗಿಯಲ್ಲ. ನರೇಟರ್‌ಗೆ ಇಂಗ್ಲಿಷ್ ದನಿ ಮಾತ್ರ ಇದ್ದರೆ ಯೂನಿಕೋಡ್ ಕನ್ನಡ ಬಂದ ಕಡೆ ಸುಮ್ಮನಾಗಿಬಿಡುತ್ತೆ. ಆಗ ಪರಿವರ್ತನೆ ಕೆಟ್ಟಿತು ಅಂದುಕೊಳ್ಳಬೇಡಿ. ಎನ್‌ವಿಡಿಎ ಅಂತ ಉಚಿತ ಸ್ಕ್ರೀನ್ ರೀಡರ್ ಇದೆ. ಅದರ ಜೊತೆಗೇ ಬರೋ ಈಸ್ಪೀಕ್ ಅನ್ನೋ ದನಿ ತಂತ್ರಾಂಶದಲ್ಲಿ ಕನ್ನಡ ಇದೆ. ದನಿ ತಗಡು ಬಡಿದ ಹಾಗಿದೆ, ನಿಜ. ಎರಡು ವಾರದಲ್ಲಿ ಕಿವಿ ಒಗ್ಗುತ್ತೆ. ಅದನ್ನು ಹಾಕಿದಾಗ ನರೇಟರ್ ನಿಲ್ಲಿಸಿ, ಇಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಮಾತಾಡ್ತಾರೆ.

ಬಲ್ಲವ: ಅಲ್ಲಿಗೆ ನರೇಟರ್ ದಂಡ ಅಂತಾಯ್ತು. ನಾನು ಮೊದಲಿಂದ ಹೇಳ್ತಾನೇ ಇದ್ದೀನಿ, ಎನ್‌ವಿಡಿಎ ಒಂದೇ ಸಾಕು.

ಸೇಬು: ಎರಡೂ ಬೇಡ. ಮ್ಯಾಕ್‌ನಲ್ಲಿ ಅದರದೇ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ 2005ರಿಂದ ಇದೆ. ಕಮಾಂಡ್ ಎಫ್5 ಒತ್ತಿದರೆ ಮುಗೀತು. ಮ್ಯಾಕ್‌ನ ವೆಂಚುರಾ ಆವೃತ್ತಿಯಿಂದ ಕನ್ನಡ ದನಿಯೂ ಇದೆ.

ಬಲ್ಲವ: ಮ್ಯಾಕ್ ಕೊಡಿಸೋರು ಯಾರು, ನೀವಾ?

ಸೇಬು: ಗೊತ್ತಿರೋದು ಹೇಳಿದೆ. ಬೇಡವಾದರೆ ಬಿಡಿ.

ಬಲ್ಲವ: ಕೇಳಿದ್ದು ಒಂದು, ನೀವು ಹೇಳೋದು ಇನ್ನೊಂದು. ಯಾವಾಗಲೂ ಹೀಗೇ.

ಮೇಡಂ: ಹೊಸ ವಿಂಡೋಸ್ ಹಾಕುವಾಗ, ಬೇರೆ ಏನೂ ಇನ್‌ಸ್ಟಾಲ್ ಆಗದ ಪರದೆಯಲ್ಲಿ, ನನ್ನ ಜೊತೆ ಮಾತಾಡೋದು ನರೇಟರ್ ಒಂದೇ. ದಂಡ ಅಲ್ಲ. ಜಗಳ ಇಲ್ಲಿ ಬೇಡ.

ಲೆಕ್ಕದ ಪುಸ್ತಕ: ಎಕ್ಸೆಲ್‌ನಲ್ಲಿ ಮರ್ಜ್ ಮಾಡಿದ ಸೆಲ್‌ಗಳು ಬಂದರೆ ಯಾವ ಕಾಲಂನಲ್ಲಿದ್ದೀನಿ ಅಂತ ತಿಳಿಯಲ್ಲ. ಏನು ಮಾಡಬೇಕು?

ರಾತ್ರಿ ಪಾಳಿ: ಮಾತಾಡೋದು ಹೇಗೆ ನಿಲ್ಲಿಸೋದು?

ಮೇಡಂ: ಮೇಲೆ ಹೇಳಿದ್ದೀನಿ.

ಸರ್ವರಿಗೂ ಒಳಿತು: ಫಾರ್ವರ್ಡ್ ಬಂದಿದ್ದು: ಸಿಸ್ಟಮ್ 32 ಫೋಲ್ಡರ್‌ನಲ್ಲಿ ನರೇಟರ್ ಫೈಲ್ ಅಳಿಸಿ, ಶಾಶ್ವತ ಪರಿಹಾರ! ದುಬಾರಿ ಸ್ಕ್ರೀನ್ ರೀಡರ್‌ನ ಕ್ರ್ಯಾಕ್ ಕೂಡ ಉಚಿತ, ಲಿಂಕ್ ಕೆಳಗಿದೆ.

ಮೇಡಂ: ಯಾರೂ ಮಾಡಬೇಡಿ. ಮೂರು ಕೀ ಒತ್ತಿ ನಿಲ್ಲಿಸೋದಕ್ಕೆ ಫೈಲ್ ಯಾಕೆ ಅಳಿಸಬೇಕು? ನಾಳೆ ಆ ಲ್ಯಾಪ್‌ಟಾಪ್ ನನ್ನಂಥವರ ಕೈಗೆ ಬಂದರೆ ಮೂಕಾಗಿರುತ್ತೆ. ಇನ್ನು ಕ್ರ್ಯಾಕ್: ಸ್ಕ್ರೀನ್ ರೀಡರ್ ನೀವು ಒತ್ತೋ ಪ್ರತಿ ಕೀಯನ್ನೂ ಕೇಳಿಸಿಕೊಳ್ಳುತ್ತೆ. ಊರು ಪೇರು ಇಲ್ಲದವರು ತಿದ್ದಿದ ಅಂಥಾ ತಂತ್ರಾಂಶದ ಮುಂದೆ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡ್ತೀರಾ? ಲಿಂಕ್ ತೆಗೀರಿ.

ಸರ್ವರಿಗೂ ಒಳಿತು: ಒಳ್ಳೇದಕ್ಕೇ ಹಾಕಿದ್ದು ಮೇಡಂ. ಕಣ್ಣಿಲ್ಲದವರಿಗೆ ಸಹಾಯ ಆಗಲಿ ಅಂತ.

ದೊಡ್ಡಕ್ಕನ ತಮ್ಮ: ಮೊದಲು ಓದಿ ಹಾಕಿ ಸ್ವಾಮಿ. ಸಹಾಯವಂತೆ.

ಸರ್ವರಿಗೂ ಒಳಿತು: ನಿಮ್ಮ ಹತ್ರ ಕಲಿಯೋ ಗತಿ ಬಂದಿಲ್ಲ ನನಗೆ.

ಅಡ್ಮಿನ್: ಲಿಂಕ್ ತೆಗೆದಿದ್ದೀನಿ. ಇಬ್ಬರೂ ಸಾಕು ಮಾಡಿ.

ಹೊಸಬ: [ಫೋಟೋ] ಮೇಡಂ ಈ ಎರರ್ ಬರ್ತಿದೆ, ನೋಡಿ ಹೇಳಿ.

ಮೇಡಂ: ನನಗೆ "ಫೋಟೋ" ಅಂತಷ್ಟೇ ಕೇಳಿಸ್ತು. ಏನು ಬರೆದಿದೆ ಟೈಪ್ ಮಾಡಿ.

ಹೊಸಬ: ಸ್ವಲ್ಪ ಝೂಮ್ ಮಾಡಿ ಮೇಡಂ, ಸ್ಪಷ್ಟವಾಗಿದೆ.

ಬಲ್ಲವ: 🤦

ಮೇಡಂ: ಅಡ್ಮಿನ್, ಇವರಿಗೆ ನೀವೇ ಹೇಳಿ.

ರಾತ್ರಿ ಪಾಳಿ: ಮೇಲೆ ಅಂದ್ರೆ ಎಲ್ಲಿ? ಸಿಗ್ತಿಲ್ಲ.

ಮೇಷ್ಟ್ರ ಮಗಳು: ಮೇಡಂ, ನುಡಿ ಫಾಂಟ್ ಕೊಟ್ಟ ತಕ್ಷಣ ಫೈಲ್ ಸರಿಹೋಯ್ತು. ಇನ್ನೊಂದನ್ನ ಯೂನಿಕೋಡ್ ಮಾಡಿ ಎನ್‌ವಿಡಿಎಯಲ್ಲಿ ಹಾಕಿದ್ವಿ. ಅಪ್ಪ ಎರಡು ಪುಟ ಕೇಳಿದರು. "ಧರ್ಮ" ಬಂದ ಕಡೆ ಏನೇನೋ ಅಂದಿತು. ಅಪ್ಪ ತಕ್ಷಣ "ಅಲ್ಲಿ ನಿಲ್ಲಿಸು, ನಾನು ಹಾಗೆ ಬರೆದಿಲ್ಲ" ಅಂದರು.

ಮೇಡಂ: ಅದೇ ಅರ್ಕಾವತ್ತು. ಒಂದೇ ತಪ್ಪು ಎಲ್ಲಾ ಕಡೆ ಮರುಕಳಿಸುತ್ತೆ, ಹುಡುಕಿ ಬದಲಿಸಿ. ಕಂಟ್ರೋಲ್ ಎಚ್. ಆದರೆ "ಎಲ್ಲವನ್ನೂ ಬದಲಿಸು" ಒತ್ತಬೇಡಿ, ಒಂದೊಂದನ್ನೇ ಅಪ್ಪನಿಗೆ ಕೇಳಿಸಿ ಒಪ್ಪಿಗೆ ತಗೊಳ್ಳಿ. ಕೀಬೋರ್ಡ್ ಅವರ ಕೈಯಲ್ಲೇ ಇರಲಿ.

ಲೆಕ್ಕದ ಪುಸ್ತಕ: ಮೇಡಂ, ಎಕ್ಸೆಲ್ ಬಗ್ಗೆ ಕೇಳಿದ್ದೆ...